ಛೇದ

ಸೊಹಾರ್‌ನಿಂದ ಸಹಮ್‌ವರೆಗೆ ಕಡಲಗುಂಟ ಏಳು ಕ್ಲಿನಿಕ್ಕು,
ಏಳಕ್ಕೂ ನಾನೊಬ್ಬಳೇ ಅಳತೆಗಾರ್ತಿ.
ಹದಿನಾರು ವರ್ಷ ಸೂಜಿ ಹಿಡಿದ ಕೈಗೆ ಈಗ
ಲ್ಯಾಪ್‌ಟಾಪು, ಗುರುತಿನ ಚೀಟಿ, ಮೂಗಿಗೆ ಏಸಿಯ ನೆಗಡಿ.

ಮೂರು ತಿಂಗಳ ಸಕ್ಕರೆ ಏಳರೊಳಗಿದ್ದರೆ ಹಸಿರು,
ಒಂಬತ್ತರವರೆಗೆ ಹಳದಿ, ದಾಟಿದರೆ ಕೆಂಪು.
ಇಲ್ಲಿನ ಖರ್ಜೂರ ಬಣ್ಣ ಕಟ್ಟುವುದೂ ಹೆಚ್ಚುಕಡಿಮೆ ಹೀಗೇ,
ಜೂನ್ ಬಂದರೆ ನನ್ನ ಪಟ್ಟಿಯೂ ತೋಟವೂ ಒಟ್ಟಿಗೇ ಮಾಗುತ್ತವೆ.

ಆಮೇಲೆ ಪ್ರಶ್ನೆಗಳು.
ವರ್ಷಕ್ಕೊಮ್ಮೆ ಕಣ್ಣಿನ ಪಾಪೆ ಹಿಗ್ಗಿಸಿ ನೋಡಿದಿರಾ?
ಮೂತ್ರದಲ್ಲಿ ಪ್ರೋಟೀನು ಹುಡುಕಿದಿರಾ?
ಪಾದ? ಸಾಕ್ಸು ಬಿಚ್ಚಿಸಿಯೋ, ಬಿಚ್ಚಿಸದೆಯೋ?
(ಬಿಚ್ಚಿಸದೆ "ಸರಿಯಿದೆ" ಎಂದು ಬರೆಯುವವರ ಅಕ್ಷರ
ಸ್ವಲ್ಪ ದುಂಡಗಿರುತ್ತದೆ. ನನಗೆ ಗೊತ್ತು.)

ಬಂದರಿನ ಗೇಟಿನ ಕ್ಲಿನಿಕ್ಕು ಸತತ ಐದು ಸಲ ಮೊದಲು,
ನೂರಕ್ಕೆ ಎಂಬತ್ತೊಂದು ಹಸಿರು.
ಕೇಕು ತರಿಸಿದರು. ಸಕ್ಕರೆ ಗೆದ್ದವರಿಗೆ ಬೇರೇನು ತರಿಸುವುದು?
ಮಾರಿಸೆಲ್ ಚಾಕು ನನ್ನ ಕೈಗಿತ್ತಳು. ಕತ್ತರಿಸಿದೆ. ತಿಂದೆ.

ಸಹಮ್‌ನ ಡಾಕ್ಟರ್ ಇಂತಿಸಾರ್ ಯಾವಾಗಲೂ ಕಟ್ಟಕಡೆ, ನಲವತ್ತಾರು.
ಸುಡಾನಿನ ಹೆಂಗಸು, ಮಾತು ಮೆಲ್ಲಗೆ, ಚಹಾ ಕಡುಕಪ್ಪು.
"ಬಾರದವರಿಗೆ ಫೋನು ಮಾಡುತ್ತೇನೆ, ಬೈಸಿಕೊಳ್ಳುತ್ತೇನೆ.
ಝುವೈನಾ ಅಜ್ಜಿ ಇನ್ಸುಲಿನ್ನನ್ನು ಆಡುಗಳ ಲಸಿಕೆಯ ಜೊತೆ ಇಟ್ಟಿದ್ದಳು,
ಮನೆಗೇ ಹೋಗಿ ಬೇರೆ ಮಾಡಿಸಿದೆ.
ಇದಕ್ಕೆ ನಿನ್ನ ಪಟ್ಟಿಯಲ್ಲಿ ಕಾಲಮ್ಮು ಇದೆಯೇ?"
ಷರಾ ಎಂಬುದೊಂದಿತ್ತು. ಅದನ್ನು ಯಾರೂ ಓದುವುದಿಲ್ಲ.

ಮಾರ್ಚಿನಲ್ಲಿ ದೊಡ್ಡಾಸ್ಪತ್ರೆಯಿಂದ ಪತ್ರ:
ಸಾಯಬಣ್ಣ, ಊರು ಸೇಡಂ, ಸ್ಕ್ಯಾಫೋಲ್ಡಿಂಗ್ ಕೆಲಸ, ವಯಸ್ಸು ನಲವತ್ತನಾಲ್ಕು.
ಎಡಗಾಲು, ಮೊಣಕಾಲಿನ ಕೆಳಗಿಂದ.
ಜೇಬಿನಲ್ಲಿ ಬಂದರಿನ ಕ್ಲಿನಿಕ್ಕಿನ ಕಾರ್ಡಿತ್ತಂತೆ.
ಹುಡುಕಿದೆ. ಹಸಿರಿನಲ್ಲಿಲ್ಲ, ಹಳದಿಯಲ್ಲಿಲ್ಲ,
ಕೆಂಪಿನಲ್ಲೂ ಇಲ್ಲ.

ಕುಂದಾಪುರದ ಬೋರ್ಡ್ ಶಾಲೆ. ವಾರಿಜ ಟೀಚರ್
ಹಲಗೆಯ ಮೇಲೆ ಗೆರೆ ಎಳೆದು: ಮೇಲಿನದು ಅಂಶ, ಕೆಳಗಿನದು ಛೇದ.
"ಮೇಲಿನವ ಬೆಳೆಯದೆಯೂ ಭಿನ್ನರಾಶಿ ಬೆಳೆಯುತ್ತದೆ ಮಕ್ಕಳೇ,
ಕೆಳಗಿನವನನ್ನು ಸಣ್ಣ ಮಾಡಿದರೆ ಆಯಿತು."
ಬಾಯಿಪಾಠ ಮಾಡಿದೆವು. ಛೇದ ಎಂದರೆ ಕಡಿಯುವುದು ಎಂದು
ಅವರು ಹೇಳಿರಲೂಬಹುದು. ನಾನು ಕಿಟಕಿ ನೋಡುತ್ತಿದ್ದೆನೇನೋ.

ಆರು ತಿಂಗಳು ಬಾರದವರನ್ನು ಲೆಕ್ಕದಿಂದ ಬಿಡು.
ಆ ಸಾಲು ಬರೆದದ್ದು ನಾನು,
ಪಟ್ಟಿ ಚೊಕ್ಕ ಕಾಣಲೆಂದು, ಒಂದು ಗುರುವಾರ ಸಂಜೆ,
ಮನೆಗೆ ಹೋಗುವ ಅವಸರದಲ್ಲಿ.

ಸಾಲು ಅಳಿಸಿ ಮತ್ತೆ ಎಣಿಸಿದೆ.
ಬಂದರಿನ ಎಂಬತ್ತೊಂದು ಮೂವತ್ತೇಳಕ್ಕಿಳಿಯಿತು.
ಸಹಮ್‌ನ ನಲವತ್ತಾರು, ನಲವತ್ತೈದು.
ನಿರ್ದೇಶಕರು ಕನ್ನಡಕ ಒರೆಸಿದರು, ಇನ್ನೊಮ್ಮೆ ಒರೆಸಿದರು,
"ಮುಂದಿನ ತ್ರೈಮಾಸಿಕದಿಂದ ನೋಡೋಣ" ಎಂದರು.

ಅಂದು ರಾತ್ರಿ ಲೇಬರ್ ಕ್ಯಾಂಪು. ಎರಡಂತಸ್ತಿನ ಮಂಚದ ಕೆಳಗಡೆ ಸಾಯಬಣ್ಣ.
"ಕ್ಲಿನಿಕ್ಕಿಗೆ ಹೋದ್ರ ದಿನದ ಪಗಾರ ಕಟ್ ಆಗ್ತಿತ್ತು ರೀ ಸಿಸ್ಟರ್.
ಹೆಸರು ತಗದಾರಂತ, ಹೌದೇನ್ರಿ? ಯಾರೂ ಹೇಳಲೇ ಇಲ್ಲ ನೋಡ್ರಿ."
"ಹೌದು. ತೆಗೆದವಳು ನಾನು."
ಅವನೇನೂ ಅನ್ನಲಿಲ್ಲ. ಉಳಿದ ಕಾಲನ್ನು ನನ್ನತ್ತ ಚಾಚಿದ.

ಕಣ್ಣು ಮುಚ್ಚಲು ಹೇಳಿ ಅಂಗಾಲಿಗೆ ನೈಲಾನ್ ಎಳೆ ತಾಗಿಸಿದೆ,
ಎಳೆ ಬಾಗುವಷ್ಟು.
"ಈಗ?" "ಹಾಂ." "ಈಗ?" "ಹಾಂ ರೀ."
ಹೆಬ್ಬೆರಳಿಗೆ ಬಂದಾಗ ಸುಮ್ಮನಿದ್ದ. ಕಿರುಬೆರಳಿಗೂ.
ಪಕ್ಕದ ಮಂಚದವರು, ಮೇಲಿನ ಮಂಚದವರು
ಯಾರೂ ಹೇಳದೆಯೇ
ಸಾಕ್ಸು ಬಿಚ್ಚತೊಡಗಿದರು.

ಕೆಳಗೆ ಹತ್ತು, ಮೇಲೆ ಆರು.
ನಡುವೆ ಗೆರೆ ಎಳೆದು ಹಾಗೇ ಬರೆದೆ.